ದೇವರ ಕರೆಗೆ ‘ಹೂಂ’ ಅಂದ ಮೇಲೆ ನಿಲ್ಲುವುದು ಹೇಗೆ

ಕ್ರೈಸ್ತ ಯುವಜನರ ಶಿಬಿರದ ಕೊನೆಯ ರಾತ್ರಿ ಕೈ ಎತ್ತುವುದು ಸುಲಭ. ಹಾಡು ನಡೆಯುತ್ತಿರುತ್ತದೆ, ಪಕ್ಕದಲ್ಲಿ ಯಾರೋ ಅಳುತ್ತಿರುತ್ತಾರೆ, ಮುಂದೆ ನಿಂತವರು ‘ಪೂರ್ಣ ಸಮಯದ ಸೇವೆಗೆ ಯಾರು ಬರುತ್ತೀರಿ’ ಅಂತ ಕೇಳುತ್ತಾರೆ, ಕೈ ತಾನಾಗಿಯೇ ಮೇಲೆ ಹೋಗುತ್ತದೆ. ನಾನೂ ಹಾಗೆ ಎತ್ತಿದವನೇ. ಆ ರಾತ್ರಿ ಸುಳ್ಳು ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ಆದರೆ ಎತ್ತಿದ ಕೈ ಇಳಿಸಿದ ಮೇಲೆ, ಮಾರನೇ ದಿನದಿಂದ ಏನು ಮಾಡಬೇಕು ಅಂತ ಅಲ್ಲಿ ಯಾರೂ ಹೇಳಿಕೊಡಲಿಲ್ಲ.

ನಾನು ಧಾರವಾಡದ ಕಡೆಯವನು, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಸಭಾಪಾಲಕ. ಸೇವೆಗೆ ಬಂದು 18 ವರ್ಷ ಆಯಿತು. ಅದರಲ್ಲಿ ಜಾಸ್ತಿ ವರ್ಷ ಸಣ್ಣ ಊರುಗಳಲ್ಲೇ ಕಳೆದೆ. ಅವತ್ತು ನನ್ನ ಜೊತೆ ಕೈ ಎತ್ತಿದವರಲ್ಲಿ ಕೆಲವರು ಬರಲೇ ಇಲ್ಲ, ಕೆಲವರು ಬಂದು ಹೋದರು. ಈಗ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದು ‘ಅಯ್ಯನವರೇ, ಕರೆ ಇದೆ ಅನಿಸುತ್ತದೆ, ಆದರೆ ಕೊನೆತನಕ ನಿಲ್ಲುತ್ತೇನೋ ಇಲ್ಲವೋ ಅಂತ ಭಯ’ ಅನ್ನುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ನೋಡಿದ ಮಟ್ಟಿಗೆ ಮೊದಲ ವರ್ಷದ ಕಷ್ಟಕ್ಕೆ ಯಾರೂ ಬಿಟ್ಟುಹೋಗುವುದಿಲ್ಲ. ಆಗ ಹುರುಪು ಇರುತ್ತದೆ. ಮೂರನೇ ವರ್ಷ, ನಾಲ್ಕನೇ ವರ್ಷ, ಯಾರೂ ಬೈಯದೆ, ಯಾರೂ ಹೊಗಳದೆ, ಸುಮ್ನೆ ಭಾನುವಾರದ ಮೇಲೆ ಭಾನುವಾರ ಹೋಗುತ್ತಿರುವಾಗ ಕೈ ಸಡಿಲ ಆಗುತ್ತದೆ. ಹಾಗಾಗಿ ಮಾಡಿಕೊಳ್ಳುವ ತಯಾರಿ ಎಲ್ಲ ಆ ದಿನಗಳಿಗೆ ಆಗಬೇಕು.

ಕರೆ ಯಾವುದು ಅಂತ ಮೊದಲು ಬರೆದಿಡಿ

ಕರೆ ಅಂದ ಕೂಡಲೇ ಬಿಳಿ ಅಂಗಿ, ಪ್ರಸಂಗಪೀಠ ಕಣ್ಣಮುಂದೆ ಬರುತ್ತದೆ. ಅದೊಂದೇ ಅಲ್ಲ. ಬೈಬಲ್ಲಿನ ಅಪೊಸ್ತಲ ಪೌಲ ಕೊರಿಂಥದಲ್ಲಿ ಗುಡಾರ ಹೊಲಿದು ಹೊಟ್ಟೆ ಹೊರೆದುಕೊಂಡೇ ಸೇವೆ ಮಾಡಿದ. ನರ್ಸ್ ಆಗುವುದು, ಹಳ್ಳಿ ಶಾಲೆಯಲ್ಲಿ ಕಲಿಸುವುದು, ಸಿಸ್ಟರ್ ಆಗಿ ಮಠ ಸೇರುವುದು, ಇವೆಲ್ಲ ಕರೆಯೇ. ವೆಲ್ಲೂರಿನ ಐಡಾ ಸ್ಕಡ್ಡರ್ ಅವರ ವಿಷಯ ಕೇಳಿರುತ್ತೀರಿ. ಮಿಷನರಿಗಳ ಮನೆಯಲ್ಲಿ ಹುಟ್ಟಿದರೂ ಅವರಿಗೆ ಮಿಷನರಿ ಆಗುವ ಮನಸ್ಸೇ ಇರಲಿಲ್ಲ. ತಾಯಿಗೆ ಹುಷಾರಿಲ್ಲ ಅಂತ ಅಮೆರಿಕದಿಂದ ಬಂದಿದ್ದರು, ಅಷ್ಟೇ. ಒಂದು ರಾತ್ರಿ ಒಬ್ಬರಾದ ಮೇಲೆ ಒಬ್ಬರು ಮೂವರು ಗಂಡಸರು ಮನೆಗೆ ಬಂದು, ಹೆಂಡತಿಗೆ ಹೆರಿಗೆ ಕಷ್ಟ ಆಗಿದೆ, ನೀವು ಬನ್ನಿ ಅಂದರು. ಐಡಾ ಅವರ ತಂದೆ ಡಾಕ್ಟರು, ಆದರೆ ಬಂದವರು ಗಂಡಸು ಡಾಕ್ಟರು ಬೇಡ ಅಂದರು. ಈಕೆಗೆ ವೈದ್ಯ ಗೊತ್ತಿಲ್ಲ. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ತೀರಿಕೊಂಡರು. ಐಡಾ ವಾಪಸ್ ಹೋಗಿ ವೈದ್ಯಕೀಯ ಓದಿ, 1899ರಲ್ಲಿ ಡಿಗ್ರಿ ಪಡೆದು, 1900ರ ಮೊದಲಲ್ಲೇ ಭಾರತಕ್ಕೆ ಬಂದರು. ಇವತ್ತಿನ ವೆಲ್ಲೂರು ಸಿ.ಎಂ.ಸಿ. (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜ್) ಆಸ್ಪತ್ರೆ ಹಾಗೆ ಶುರುವಾದದ್ದು.

ಈ ಕಥೆಯಲ್ಲಿ ನಾನು ನೋಡುವುದು ಒಂದೇ. ಆ ಕರೆಗೆ ಒಂದು ವಿಳಾಸ ಇತ್ತು. ಯಾರಿಗಾಗಿ, ಯಾವ ಕೆಲಸ ಅಂತ ಗೊತ್ತಿತ್ತು. ಹಾಗಾಗಿ ಒಂದು ನೋಟ್‌ಬುಕ್ ತೆಗೆದುಕೊಂಡು ಎರಡೇ ಸಾಲು ಬರೆಯಿರಿ: ಯಾರಿಗಾಗಿ? ಯಾವ ಕೆಲಸ? ‘ದೇವರಿಗಾಗಿ ಏನಾದರೂ ದೊಡ್ಡದು ಮಾಡಬೇಕು’ ಅಂತ ಬರೆದಿದ್ದರೆ ಅದು ಇನ್ನೂ ಆಸೆ. ಕಾಯಿರಿ. ‘ನಮ್ಮ ತಾಲೂಕಿನಲ್ಲಿ ಶಾಲೆ ಬಿಟ್ಟ ಮಕ್ಕಳು’ ಅಂತಲೋ, ‘ಅಯ್ಯನವರೇ ಇಲ್ಲದೆ ಬೀಗ ಹಾಕಿರುವ ಸಭೆಗಳು’ ಅಂತಲೋ ಬರೆಯುವ ಹೊತ್ತಿಗೆ ಅದಕ್ಕೆ ಕೈಕಾಲು ಬಂದಿರುತ್ತದೆ. ದಿನಾಂಕ ಹಾಕಿ. ಆ ಹಾಳೆ ಹರಿಯಬೇಡಿ, ಮುಂದೆ ಬೇಕಾಗುತ್ತದೆ.

ಒಬ್ಬ ಏಲಿಯನ್ನು ಹುಡುಕಿ

ಸಮುವೇಲನನ್ನು ದೇವರು ಕರೆದಾಗ ಆ ಹುಡುಗ ಮೂರು ಸಲ ಎದ್ದು ಮುದಿ ಯಾಜಕ ಏಲಿಯ ಹತ್ತಿರ ಓಡಿದ. ಇದು ದೇವರ ದನಿ ಅಂತ ಗೊತ್ತಾದದ್ದು ಹುಡುಗನಿಗಲ್ಲ, ಮುದುಕನಿಗೆ. ಆ ಏಲಿಯಾದರೂ ಎಂಥವನು? ಕಣ್ಣು ಮಂಜಾಗಿತ್ತು, ಮಕ್ಕಳು ದಾರಿ ತಪ್ಪಿದ್ದರು, ಅವನ ಮನೆತನಕ್ಕೇ ದೇವರು ತೀರ್ಪು ಹೇಳಿಯಾಗಿತ್ತು. ಅಷ್ಟಾದರೂ ಸಮುವೇಲನಿಗೆ ಅವನು ಬೇಕಾದ. ಆದ್ದರಿಂದ ತಪ್ಪೇ ಇಲ್ಲದ ಗುರು ಸಿಗಲಿ ಅಂತ ಕಾಯಬೇಡಿ, ಅಂಥವರು ಸಿಗುವುದಿಲ್ಲ.

ಎಂಥವರನ್ನು ಆರಿಸಬೇಕು? ನಿಮ್ಮನ್ನು ಮನೆಯಲ್ಲಿ ನೋಡಿದವರು ಬೇಕು. ವೇದಿಕೆಯ ಮೇಲೆ ಮಾತ್ರ ನೋಡಿದವರು ಸಾಕಾಗುವುದಿಲ್ಲ. ನಿಮಗೆ ‘ಬೇಡ’ ಅಂತ ಹೇಳುವ ಧೈರ್ಯ ಅವರಿಗಿರಬೇಕು. ಅವರ ಮುಂದೆ ಕೂತು ‘ಪ್ರಾರ್ಥನೆ ಮಾಡಿ’ ಅಂತ ಕೇಳಿ ಎದ್ದು ಬರಬೇಡಿ. ‘ನನ್ನಲ್ಲಿ ಇದಕ್ಕೆ ಅಡ್ಡ ಬರುವುದು ಯಾವುದು’ ಅಂತ ನೇರವಾಗಿ ಕೇಳಿ. ನಾನು ಕೇಳಿದಾಗ ನಮ್ಮ ಹಿರಿಯರೊಬ್ಬರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೀ ಶುರು ಮಾಡತೀಯಪಾ, ಮುಗಸೂದಿಲ್ಲ’ ಅಂದರು. ಮುಖಕ್ಕೆ ಹೊಡೆದ ಹಾಗಾಯಿತು. ಕ್ರಿಸ್ಮಸ್ ನಾಟಕ, ಲೈಬ್ರರಿ, ಟ್ಯೂಷನ್, ನಾನು ಅರ್ಧಕ್ಕೆ ಬಿಟ್ಟದ್ದೆಲ್ಲ ಅವರಿಗೆ ನೆನಪಿತ್ತು. ಆಮೇಲೆ ಅವರೇ ನನಗೆ 6 ತಿಂಗಳ ಕೆಲಸ ಕೊಟ್ಟರು.

ಆ ಕೆಲಸ ಇಷ್ಟೇ. ಶನಿವಾರ ಸಂಜೆ ದೇವಾಲಯ ಗುಡಿಸಬೇಕು, ಬೆಂಚು ಒರೆಸಬೇಕು, ಭಾನುವಾರ ಬೆಳಿಗ್ಗೆ ಸಂಡೇ ಸ್ಕೂಲ್ ಸಣ್ಣ ಮಕ್ಕಳ ಕ್ಲಾಸು ತೆಗೆದುಕೊಳ್ಳಬೇಕು. ಒಂದು ವಾರವೂ ತಪ್ಪಿಸುವ ಹಾಗಿಲ್ಲ. ಮೈಕ್ ಮುಟ್ಟುವ ಹಾಗಿಲ್ಲ. ಮಳೆಗಾಲದಲ್ಲಿ ಒಂದು ಭಾನುವಾರ ಇಬ್ಬರೇ ಮಕ್ಕಳು ಬಂದರು. ಅವರಲ್ಲೊಬ್ಬ ಪಾಠ ಮುಗಿಯುವ ತನಕ ನಿದ್ದೆ ಮಾಡಿದ. ನೀವೂ ಇಂಥದ್ದೊಂದು ಕೆಲಸ ಹಿಡಿಯಿರಿ: ಯಾರ ಕಣ್ಣಿಗೂ ಬೀಳದ, ಪ್ರತಿ ವಾರ ಇರುವ, 6 ತಿಂಗಳ ಕೆಲಸ. ಅದು ಮುಗಿಯುವ ತನಕ ಎಲ್ಲಿಗೂ ಅರ್ಜಿ ಹಾಕಬೇಡಿ.

ಲೆಕ್ಕ ಹಾಕಿ, ನಿಜವಾಗಿ ಕಾಗದದ ಮೇಲೆ

ನಾನು ಮನೆಯಲ್ಲಿ ವಿಷಯ ಹೇಳಿದಾಗ ಅವ್ವ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ದೊಡ್ಡ ದೊಡ್ಡ ಮಾತು ತಯಾರು ಮಾಡಿಕೊಂಡು ಹೋಗಿದ್ದೆ. ಎಲ್ಲ ಕೇಳಿದಳು. ಕೈ ನಿಲ್ಲಿಸಲಿಲ್ಲ. ಒಂದು ಕಲ್ಲು ಆರಿಸಿ ಹೊರಗೆ ಎಸೆದು, ‘ಪಗಾರ ಎಷ್ಟ ಕೊಡ್ತಾರಪಾ?’ ಅಂದಳು. ಗೊತ್ತಿಲ್ಲ ಅಂದೆ. ‘ತಿಳಕೊಂಡ ಬಾ. ಆಮ್ಯಾಲೆ ಮಾತಾಡೂಣು.’

ನನಗೆ ಸಿಟ್ಟು ಬಂತು. ದೇವರ ವಿಷಯದಲ್ಲಿ ರೊಕ್ಕದ ಮಾತೇ ಅಂತ. ಎಷ್ಟೋ ದಿನ ಆದ ಮೇಲೆ ಬೈಬಲ್ಲಿನ ಲೂಕ 14ನೇ ಅಧ್ಯಾಯ ಓದುವಾಗ ತಲೆ ತಗ್ಗಿಸಿದೆ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುತ್ತಾನಲ್ಲವೇ ಅಂತ ಕೇಳಿದ್ದು ಯೇಸುವೇ. ಅವ್ವ ಕೇಳಿದ್ದೂ ಅದನ್ನೇ.

ಏನೇನು ಬರೆಯಬೇಕು? ಮೊದಲು ಸಾಲ. ಬೈಕಿನ ಕಂತು, ಚೀಟಿ, ಅಡ ಇಟ್ಟ ಬಂಗಾರ, ಗೆಳೆಯನ ಹತ್ತಿರ ಇಸಿದುಕೊಂಡದ್ದು, ಎಲ್ಲ. ಸಾಲ ಹೊತ್ತುಕೊಂಡು ಸೇವೆಗೆ ಬರಬೇಡಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಬೇಕಿದ್ದರೆ ಎರಡು ವರ್ಷ ದುಡಿದು ತೀರಿಸಿ ಬನ್ನಿ, ದೇವರು ಕಾಯುತ್ತಾನೆ. ಸಾಲಗಾರರ ಫೋನ್ ಬರುತ್ತಿರುವಾಗ ಪ್ರಸಂಗ ತಯಾರಾಗುವುದಿಲ್ಲ. ಕಾಣಿಕೆ ಪೆಟ್ಟಿಗೆಯ ಮೇಲೂ ಕಣ್ಣು ಹೋಗುವ ಅಪಾಯ ಇರುತ್ತದೆ. ಆಮೇಲೆ, ಅಪ್ಪ ಅಮ್ಮನನ್ನು ಯಾರು ನೋಡಿಕೊಳ್ಳುತ್ತಾರೆ, ತಂಗಿಯ ಮದುವೆ ಯಾರ ಮೇಲಿದೆ, ಇದನ್ನು ಅಣ್ಣತಮ್ಮಂದಿರ ಜೊತೆ ಕೂತು ಮಾತಾಡಿ.

ಇನ್ನು ವರ್ಷಗಳ ಲೆಕ್ಕ. ನಮ್ಮಲ್ಲಿ ಸಭೆಯ ಕಮಿಟಿ ಶಿಫಾರಸು ಮಾಡಬೇಕು, ಡಯಾಸಿಸ್ಸಿನವರು, ಅಂದರೆ ಬಿಷಪ್ಪರ ಪ್ರಾಂತದವರು, ಸಂದರ್ಶನ ಮಾಡಬೇಕು, ಆಮೇಲೆ ಸೆಮಿನರಿ, ಅಂದರೆ ಸಭಾಪಾಲಕರಾಗಲು ಓದುವ ಕಾಲೇಜು. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಬೇರು 1847ರಷ್ಟು ಹಿಂದಿನದು, ಬಾಸೆಲ್ ಮಿಷನ್ ಕಾಲದ್ದು. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು 1910ರದ್ದು. ಡಿಗ್ರಿ ಆದವರಿಗೆ ಬಿ.ಡಿ. (ದೇವಶಾಸ್ತ್ರದ ಪದವಿ) ಸಾಮಾನ್ಯವಾಗಿ 4 ವರ್ಷ. ಅದಾದ ಮೇಲೂ ತಕ್ಷಣ ಅಭಿಷೇಕ ಇಲ್ಲ. ಕಥೋಲಿಕ ಗೆಳೆಯರಲ್ಲಿ ಇನ್ನೂ ನಿಧಾನ. ಅವರ ಕಾನೂನಿನ ಪ್ರಕಾರ 25 ತುಂಬದೆ ಗುರುದೀಕ್ಷೆ ಇಲ್ಲ. ಸಿಸ್ಟರ್ ಆಗುವವರಿಗೆ ನೊವಿಶಿಯೇಟ್, ಅಂದರೆ ವ್ರತಕ್ಕೆ ಮೊದಲಿನ ತರಬೇತಿ, ಕಡಿಮೆ ಅಂದರೂ 12 ತಿಂಗಳು, ಆಮೇಲೆ ತಾತ್ಕಾಲಿಕ ವ್ರತ 3ರಿಂದ 6 ವರ್ಷ, ಆಮೇಲಷ್ಟೇ ಜೀವನಪೂರ್ತಿಯ ವ್ರತ. ಇಷ್ಟೊಂದು ಮೆಟ್ಟಿಲು ಯಾಕೆ ಅಂತ ಹುಡುಗನಾಗಿದ್ದಾಗ ನನಗೂ ಬೇಜಾರಾಗುತ್ತಿತ್ತು. ಈಗ ಆ ಮೆಟ್ಟಿಲುಗಳ ಮೇಲೆ ನನಗೆ ಗೌರವ ಇದೆ. ಸಭೆಯೇ ಇಷ್ಟು ವರ್ಷ ಕಾಯಲು ತಯಾರಿರುವಾಗ, ಮೂರು ತಿಂಗಳಲ್ಲಿ ಇದ್ದ ಕೆಲಸ ಬಿಟ್ಟು ಓಡಿ ಬರುವ ಅವಸರ ನಮಗೇಕೆ?

ಮದುವೆ ಆದವರಿಗೆ, ಆಗುವವರಿಗೆ ಒಂದು ಮಾತು. ನಿಮ್ಮ ಕರೆಯನ್ನು ಹೆಂಡತಿಯ ಮೇಲೆ ಅಥವಾ ಗಂಡನ ಮೇಲೆ ಹೇರಬೇಡಿ. ನನ್ನ ಹೆಂಡತಿ ಶಾಲೆ ಟೀಚರು. ಮದುವೆಗೆ ಮೊದಲೇ ಅವಳು ಕೇಳಿದ್ದು ಮೂರು ಪ್ರಶ್ನೆ: ನಾನು ಕೆಲಸ ಬಿಡಬೇಕಾ, ವರ್ಗ ಆದಾಗಲೆಲ್ಲ ಮಕ್ಕಳ ಶಾಲೆ ಏನು, ರಾತ್ರಿ ಯಾರಾದರೂ ಬಾಗಿಲು ತಟ್ಟಿದರೆ ಪ್ರತಿ ಸಲ ನೀವು ಹೋಗಲೇಬೇಕಾ. ಮೂರಕ್ಕೂ ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದೊಂದಾಗಿ ಕೂತು ಬಗೆಹರಿಸಿಕೊಂಡೆವು. ನಾಲ್ಕು ದಿನಕ್ಕೊಮ್ಮೆ ನೀರು ಬರುವ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಬೇಕಾದವಳು ಅವಳು. ‘ದೇವರು ನೋಡಿಕೊಳ್ಳುತ್ತಾನೆ ಬಾ’ ಅಂತ ನಾನು ಬಾಯಿ ಮುಚ್ಚಿಸಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ.

ಬದುವಿನ ಬೇವಿನ ಮರ

ನೇಗಿಲಿಗೆ ಕೈ ಹಾಕಿ ಹಿಂದೆ ನೋಡುವವನು ದೇವರ ರಾಜ್ಯಕ್ಕೆ ತಕ್ಕವನಲ್ಲ ಅನ್ನುವ ಮಾತು ಲೂಕ 9ರಲ್ಲಿದೆ. ಈ ವಚನ ಹೇಳಿ ಹುಡುಗರನ್ನು ಹೆದರಿಸುವವರು ಬಹಳ. ನನಗೆ ಅದರ ಅರ್ಥ ಆದದ್ದು ಹೊಲದಲ್ಲಿ. ಹದಿಮೂರನೇ ವಯಸ್ಸಿಗೆ ಅಪ್ಪ ಮೊದಲ ಸಲ ರಂಟೆ ನನ್ನ ಕೈಗೆ ಕೊಟ್ಟ. ಹತ್ತು ಹೆಜ್ಜೆ ಹೋಗಿ, ಸಾಲು ನೆಟ್ಟಗೆ ಬಂದಿದೆಯಾ ಅಂತ ತಿರುಗಿ ನೋಡಿದೆ. ನೋಡಿದಷ್ಟು ಹೊತ್ತಿನಲ್ಲೇ ರಂಟೆ ಎಡಕ್ಕೆ ವಾಲಿತ್ತು, ಸಾಲು ಹಾವಿನ ಹಾಗೆ ಆಗಿತ್ತು. ಅಪ್ಪ ಬೈಯಲಿಲ್ಲ. ಮುಂದೆ ಕೈ ತೋರಿಸಿ, ‘ಆ ಬದುವಿನ ಮ್ಯಾಲ ಬೇವಿನ ಗಿಡಾ ಕಾಣ್ತದಲ್ಲ, ಅದನ್ನ ನೋಡ್ಕೋತ ನಡಿ. ಎತ್ತು ತಾವ ಬರ್ತಾವ’ ಅಂದ.

ಹಿಂದೆ ನೋಡಬೇಡ ಅಂದರೆ ಸಾಕಾಗುವುದಿಲ್ಲ, ಮುಂದೆ ನೋಡುವುದಕ್ಕೆ ಏನಾದರೂ ಬೇಕು. ಮೊದಲೇ ಬರೆದಿಟ್ಟ ಆ ಎರಡು ಸಾಲು ಇದೆಯಲ್ಲ, ಯಾರಿಗಾಗಿ, ಯಾವ ಕೆಲಸ, ಅದೇ ನಿಮ್ಮ ಬೇವಿನ ಮರ. ಅದನ್ನು ಬೈಬಲ್ಲಿನೊಳಗೆ ಅಂಟಿಸಿ. ತಿಂಗಳಿಗೊಂದು ಸಲ ಓದಿ.

ದಿನದ ಪ್ರಾರ್ಥನೆ ಚಿಕ್ಕದಾಗಿರಲಿ. ಸೆಮಿನರಿಯಲ್ಲಿ ನಾನು ಬೆಳಗಿನ ಜಾವ 4 ಗಂಟೆಗೆ ಎದ್ದು ಎರಡು ತಾಸು ಪ್ರಾರ್ಥನೆ ಅಂತ ಶುರು ಮಾಡಿ 11ನೇ ದಿನಕ್ಕೆ ಬಿಟ್ಟೆ. ಬಿಟ್ಟದ್ದಕ್ಕೆ ಒಂದು ತಿಂಗಳು ನಾಚಿಕೆಯಿಂದ ಬೈಬಲ್ಲೇ ತೆರೆಯಲಿಲ್ಲ. ಈಗ 20 ನಿಮಿಷ. ಅದೇ ಕುರ್ಚಿ, ಅದೇ ಹೊತ್ತು, ಫೋನ್ ಅಡುಗೆಮನೆಯಲ್ಲಿ. ಬೈಬಲ್ಲಿನ ಕೀರ್ತನೆಗಳ ಪುಸ್ತಕದಿಂದ ದಿನಕ್ಕೊಂದು ಕೀರ್ತನೆ, ಬಾಯಿಬಿಟ್ಟು ಓದುತ್ತೇನೆ. 150 ಕೀರ್ತನೆ, 5 ತಿಂಗಳಿಗೆ ಒಂದು ಸುತ್ತು, ಮತ್ತೆ ಮೊದಲಿನಿಂದ. ಮನಸ್ಸು ಒಣಗಿದ ದಿನ ನನಗೆ ನನ್ನದೇ ಮಾತು ಬರುವುದಿಲ್ಲ, ದಾವೀದನ ಮಾತನ್ನೇ ಎರವಲು ತೆಗೆದುಕೊಳ್ಳುತ್ತೇನೆ. ಒಂದು ದಿನ ತಪ್ಪಿದರೆ ಮಾರನೇ ದಿನ ಎರಡು ಓದಿ ಸರಿ ಮಾಡಲು ಹೋಗಬೇಡಿ. ಸುಮ್ನೆ ಮುಂದಿನದ್ದು ಓದಿ.

ವಾರದಲ್ಲಿ ಒಂದು ದಿನ ರಜೆ. ನನ್ನದು ಸೋಮವಾರ. ಸಾವು ಮತ್ತು ಆಸ್ಪತ್ರೆ ಬಿಟ್ಟರೆ ಅವತ್ತು ಯಾವುದಕ್ಕೂ ಹೋಗುವುದಿಲ್ಲ ಅಂತ ಸಭೆಗೆ ಮೊದಲ ತಿಂಗಳೇ ಹೇಳಿಬಿಡುತ್ತೇನೆ. ಮೊದಮೊದಲು ಗೊಣಗುತ್ತಾರೆ, ಆಮೇಲೆ ಅವರೇ ಬೇರೆಯವರಿಗೆ ‘ಇವತ್ತು ಅಯ್ಯನವರದು ರಜೆ’ ಅಂತ ಹೇಳುತ್ತಾರೆ.

ದುಡ್ಡು, ಒಂಟಿ ಭೇಟಿ

ಇದನ್ನು ಮುಜುಗರ ಇಲ್ಲದೆ ಬರೆಯುತ್ತೇನೆ, ಯಾಕೆಂದರೆ ಕರೆ ಒಡೆಯುವುದು ಜಾಸ್ತಿ ಇಲ್ಲೇ. ಕಾಣಿಕೆಯನ್ನು ನೀವು ಎಣಿಸಬೇಡಿ. ಇಬ್ಬರು ಹಿರಿಯರು ಎಣಿಸಿ ಪುಸ್ತಕದಲ್ಲಿ ಬರೆದು ಸಹಿ ಹಾಕಲಿ. ಸಭೆಯ ದುಡ್ಡು ಒಂದು ದಿನಕ್ಕೂ ನಿಮ್ಮ ಫೋನ್‌ಪೇ ನಂಬರಿಗೆ ಬರಬಾರದು, ‘ಆಮೇಲೆ ಕಟ್ಟಿದರಾಯಿತು’ ಅಂತ ಯಾರು ಹೇಳಿದರೂ. ಸಭೆಯವರ ಹತ್ತಿರ ಕೈಸಾಲ ಕೇಳಬೇಡಿ, 500 ರೂಪಾಯಿ ಆದರೂ. ಮನೆಯಲ್ಲಿ ಒಬ್ಬರೇ ಇರುವ ಕಡೆ ನೀವೊಬ್ಬರೇ ಹೋಗಬೇಡಿ. ಹಿರಿಯರನ್ನೋ ಹೆಂಡತಿಯನ್ನೋ ಕರೆದುಕೊಂಡು ಹೋಗಿ, ಇಲ್ಲವಾದರೆ ಬಾಗಿಲು ತೆರೆದಿಟ್ಟು ಹೊರಗಿನ ಕಟ್ಟೆಯ ಮೇಲೆ ಕೂತು ಮಾತಾಡಿ. ನಡುರಾತ್ರಿ ಮೆಸೇಜ್‌ಗಳಲ್ಲಿ ಆಪ್ತಸಲಹೆ ಬೇಡವೇ ಬೇಡ. ನಾನು ಗಟ್ಟಿ ಇದ್ದೇನೆ, ನನಗೆ ಈ ನಿಯಮ ಬೇಕಿಲ್ಲ ಅಂತ ಅನಿಸಿದ ದಿನ ಜಾಸ್ತಿ ಹುಷಾರಾಗಿರಿ.

ಒಣ ವರ್ಷ ಬಂದಾಗ

ಬಂದೇ ಬರುತ್ತದೆ. ಭಾನುವಾರ ಅದೇ 35 ಜನ, ಅದೇ ಜಗಳ, ಸ್ತ್ರೀಸಂಘದ ಅದೇ ಲೆಕ್ಕ. ಗೆಳೆಯರು ಬೆಂಗಳೂರಿನಲ್ಲಿ ಮನೆ ಕಟ್ಟಿರುತ್ತಾರೆ. ನೀವು ಮಳೆ ಸೋರುವ ಹಂಚು ಎಣಿಸುತ್ತಾ ಮಲಗಿರುತ್ತೀರಿ.

ಪ್ರವಾದಿ ಎಲೀಯ ಒಂದು ಗಿಡದ ಕೆಳಗೆ ಕೂತು ಸಾಕಪ್ಪಾ ಸಾಕು, ಪ್ರಾಣ ತೆಗೆದುಕೋ ಅಂದಾಗ ದೂತ ಬಂದು ಅವನಿಗೆ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದ, ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ದಾರಿಯ ಮಾತು ಬಂದದ್ದು ಅದಾದ ಮೇಲೆ. ಆದ್ದರಿಂದ ಮೊದಲು ಊಟ, ನಿದ್ದೆ ನೋಡಿ. ವಾರಗಟ್ಟಲೆ ನಿದ್ದೆ ಬರದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಸಾಯುವ ಯೋಚನೆ ಬಂದರೆ, ಡಾಕ್ಟರ ಹತ್ತಿರ ಹೋಗಿ, ಅವತ್ತೇ ಒಬ್ಬರಿಗೆ ಬಾಯಿಬಿಟ್ಟು ಹೇಳಿ. ಅದು ನಂಬಿಕೆ ಕಡಿಮೆ ಆದದ್ದಲ್ಲ, ಮೈಗೆ ಬರುವ ಹಾಗೆ ಮನಸ್ಸಿಗೂ ಕಾಯಿಲೆ ಬರುತ್ತದೆ. ಗುಳಿಗೆ ತೆಗೆದುಕೊಂಡು ಪ್ರಸಂಗ ಮಾಡಿದ ಸೇವಕರು ನನಗೆ ಗೊತ್ತು, ಒಳ್ಳೆಯ ಪ್ರಸಂಗಗಳೇ.

ಒಣ ವರ್ಷದಲ್ಲಿ ನನಗೆ ಜೊತೆ ಕೊಟ್ಟವರು ಕಿಟೆಲ್. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಅವರ ಪ್ರತಿಮೆ ನೋಡಿರುತ್ತೀರಿ. ಫರ್ಡಿನಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಇಲ್ಲಿಗೆ ಬಂದಾಗ ವಯಸ್ಸು 21. ಸುವಾರ್ತೆ ಸಾರುವುದಕ್ಕೆ ಬಂದ ಯುವಕ ಕನ್ನಡದ ಹಳೆಯ ಕಾವ್ಯ, ಛಂದಸ್ಸು, ವ್ಯಾಕರಣ ಅಂತ ಮುಳುಗಿದ್ದು ಮಿಷನ್ನಿನಲ್ಲಿ ಎಲ್ಲರಿಗೂ ಸರಿ ಬರಲಿಲ್ಲ. ಇದೆಂಥ ಸೇವೆ ಅಂತ ಅನಿಸಿದವರಿದ್ದರು. ಮೊದಲ ಹೆಂಡತಿ ಇಲ್ಲೇ ತೀರಿಕೊಂಡರು. 1877ರಲ್ಲಿ ಜರ್ಮನಿಗೆ ವಾಪಸ್ ಹೋದವರು, 1883ರಲ್ಲಿ, 51ನೇ ವಯಸ್ಸಿನಲ್ಲಿ, ನಿಘಂಟಿನ ಕೆಲಸಕ್ಕೆ ಮತ್ತೆ ಬಂದರು. ಸುಮಾರು 70,000 ಪದಗಳ ಆ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದದ್ದು 1894ರಲ್ಲಿ. ಅವರು ಬಂದು 41 ವರ್ಷ ಆಗಿತ್ತು.

ನಾನು ಆ ನಿಘಂಟನ್ನು ತೆರೆದಾಗಲೆಲ್ಲ ಒಂದೊಂದು ಪದದ ಮುಂದೆ ನಿಲ್ಲುತ್ತೇನೆ. ಒಂದು ಪದಕ್ಕೆ ಒಂದು ಬೆಳಿಗ್ಗೆ ಹೋಗಿರಬಹುದು, ಒಂದು ದಿನವೇ ಹೋಗಿರಬಹುದು. ಆ ಬೆಳಿಗ್ಗೆ ಅವರಿಗೆ ಚಪ್ಪಾಳೆ ಹೊಡೆದವರು ಯಾರೂ ಇರಲಿಕ್ಕಿಲ್ಲ. ನಿಮ್ಮ ಒಣ ವರ್ಷಕ್ಕೂ ಇಂಥ ಒಂದು ಕೆಲಸ ಇಟ್ಟುಕೊಳ್ಳಿ. ನಿಧಾನವಾಗಿ ಬೆಳೆಯುವ, ಅಳೆದು ನೋಡಬಹುದಾದ ಕೆಲಸ. ನಾನು ಆಗ ನಾನಿದ್ದ ಊರಿನ ಸಭೆಯ ಹಳೇ ಮದುವೆ, ಬ್ಯಾಪ್ಟಿಸಮ್ ರಿಜಿಸ್ಟರುಗಳನ್ನು ಹೊಸ ಪುಸ್ತಕಕ್ಕೆ ಇಳಿಸಲು ಶುರು ಮಾಡಿದೆ, ದಿನಕ್ಕೆ ಒಂದು ಪುಟ. ಅಕ್ಷರ ಮಸುಕಾಗಿದ್ದವು, ಹುಳ ತಿಂದಿದ್ದವು. ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಆ ಊರಿನ ಎಲ್ಲರ ಅಜ್ಜ ಅಜ್ಜಿಯರ ಹೆಸರು ನನಗೆ ಬಾಯಿಗೆ ಬಂದಿತ್ತು. ಮನೆ ಭೇಟಿಗೆ ಹೋದಾಗ ಮಾತು ಬೇರೆಯೇ ಥರ ನಡೆಯತೊಡಗಿತು.

ಬಿಟ್ಟುಹೋಗಬೇಕು ಅನಿಸಿದರೆ

ನಾಲ್ಕನೇ ವರ್ಷ ನಾನು ರಾಜೀನಾಮೆ ಬರೆದಿದ್ದೆ. ಕಮಿಟಿಯಲ್ಲಿ ಒಂದು ಜಾಗದ ವಿಷಯಕ್ಕೆ ದೊಡ್ಡ ಗಲಾಟೆ ಆಗಿತ್ತು, ನನ್ನ ಮೇಲೆ ಇಲ್ಲದ್ದನ್ನು ಹೇಳಿದರು. ಬಿಷಪ್ಪರಿಗೆ ಒಂದೂವರೆ ಪುಟ ಬರೆದು, ಕವರಿಗೆ ಹಾಕಿ, ಅಂಟು ಹಚ್ಚಿದೆ. ಹೆಂಡತಿ ಕವರ್ ನೋಡಿ, ‘40 ದಿನ ಇಡಿ. ಆಮೇಲೂ ಹಾಕಬೇಕು ಅನಿಸಿದರೆ ನಾನೇ ಪೋಸ್ಟಿಗೆ ಹಾಕಿ ಬರುತ್ತೇನೆ’ ಅಂದಳು. ಕವರ್ ಬೈಬಲ್ಲಿನ ಕೆಳಗೆ ಇಟ್ಟೆ. ಅದು ಇನ್ನೂ ನನ್ನ ಹತ್ತಿರ ಇದೆ, ತೆರೆದಿಲ್ಲ.

ನಿಮಗೂ ಅದನ್ನೇ ಹೇಳುತ್ತೇನೆ. ಜಗಳದ ವಾರದಲ್ಲಿ, ಕಾಯಿಲೆಯಲ್ಲಿ, ಈಸ್ಟರ್ ಮುಗಿದು ಮೈ ಸೋತಾಗ, ವರ್ಗಾವಣೆ ಪತ್ರ ಬಂದ ದಿನ, ತೀರ್ಮಾನ ಮಾಡಬೇಡಿ. 40 ದಿನ ಇಡಿ. ಆ 40 ದಿನದಲ್ಲಿ ಮೊದಲ ಹಾಳೆ ತೆಗೆದು ಓದಿ: ಯಾರಿಗಾಗಿ, ಯಾವ ಕೆಲಸ. ಆ ಜನ ಇನ್ನೂ ಅಲ್ಲಿದ್ದಾರಾ? ಅವರಿಗಾಗಿ ಮನಸ್ಸು ಇನ್ನೂ ಮರುಗುತ್ತದಾ? ಮರುಗುತ್ತದೆ ಅಂದರೆ ನೀವು ದಣಿದಿದ್ದೀರಿ, ಅಷ್ಟೇ. ವಿಶ್ರಾಂತಿ ಕೇಳಿ, ಬೇರೆ ಊರು ಕೇಳಿ.

ಇನ್ನೊಂದು ಕಡೆಯನ್ನೂ ಹೇಳಬೇಕು. ಗಟ್ಟಿ ಮನಸ್ಸು ಅಂದರೆ ಅನ್ಯಾಯ ಸಹಿಸಿಕೊಂಡು ಇರುವುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೇಲಿನವರು ಮೈಗೆ ಕೈ ಹಾಕಿದರೆ, ದುಡ್ಡಿನ ಕಳ್ಳ ಲೆಕ್ಕಕ್ಕೆ ಸಹಿ ಕೇಳಿದರೆ, ಹೆದರಿಸಿದರೆ, ಅಲ್ಲಿಂದ ಹೊರಗೆ ಬನ್ನಿ, ಹೇಳಬೇಕಾದ ಕಡೆ ಹೇಳಿ, ಬೇಕಾದರೆ ಪೊಲೀಸರಿಗೂ. ಕರೆದವನು ಕರ್ತನು, ಆ ಕಟ್ಟಡ ಅಲ್ಲ.

ಈಗಾಗಲೇ ಬಿಟ್ಟುಹೋಗಿ, ಈಗ ಇದನ್ನು ಓದಿ ಮನಸ್ಸಲ್ಲೇ ನೊಂದುಕೊಳ್ಳುವವರು ಇರುತ್ತೀರಿ. ನಿಮಗಾಗಿ ಮಾರ್ಕ ಇದ್ದಾನೆ. ಪೌಲ, ಬಾರ್ನಬರ ಜೊತೆ ಸೇವೆಯ ಪ್ರಯಾಣಕ್ಕೆ ಹೊರಟವನು, ಪಂಫುಲ್ಯದಲ್ಲಿ ಅವರನ್ನು ಬಿಟ್ಟು ಯೆರೂಸಲೇಮಿಗೆ ಹೊರಟುಹೋದ. ಮುಂದಿನ ಪ್ರಯಾಣಕ್ಕೆ ಪೌಲ ಅವನನ್ನು ಬೇಡವೇ ಬೇಡ ಅಂದ, ಅದಕ್ಕಾಗಿ ಇಬ್ಬರು ದೊಡ್ಡ ಸೇವಕರೇ ಜಗಳ ಮಾಡಿಕೊಂಡು ಬೇರೆ ಬೇರೆ ಆದರು. ಬಾರ್ನಬ ಮಾತ್ರ ಅವನನ್ನು ಕರೆದುಕೊಂಡು ಸೈಪ್ರಸ್ಸಿಗೆ ಹೋದ. ಎಷ್ಟೋ ವರ್ಷದ ಮೇಲೆ ಸೆರೆಮನೆಯಿಂದ ಅದೇ ಪೌಲ ತಿಮೊಥೆಗೆ ಬರೆದ ಪತ್ರದಲ್ಲಿ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಬೇಕು ಅಂತ ಕೇಳುತ್ತಾನೆ. ವಾಪಸ್ ಬರಬೇಕು ಅನಿಸಿದರೆ ಮೊದಲು ನಿಮ್ಮ ಬಾರ್ನಬ ಯಾರು ಅಂತ ನೋಡಿ, ಅವರಿಗೆ ಫೋನ್ ಮಾಡಿ.

ಜೋಳ ಕಳಿಸುವವರು

ಕೊನೆಯದಾಗಿ ಆ ನೋಟ್‌ಬುಕ್ಕಿನಲ್ಲಿ ಇನ್ನೊಂದು ಹಾಳೆ ತೆಗೆಯಿರಿ. ನಿಮ್ಮ ಹಿಂದೆ ನಿಲ್ಲುವವರ ಹೆಸರು ಬರೆಯಿರಿ. ಮೂರು ಹೆಸರು ಸಾಕು. ಒಬ್ಬರು ಪ್ರಾರ್ಥನೆಗೆ, ಒಬ್ಬರು ಬೈದು ಬುದ್ಧಿ ಹೇಳುವುದಕ್ಕೆ, ಒಬ್ಬರು ಕೈಯಲ್ಲಿ ಕಾಸಿಲ್ಲದ ತಿಂಗಳಿಗೆ. ಬರೆದ ಮೇಲೆ ಅವರ ಮನೆಗೇ ಹೋಗಿ ಕೇಳಿ, ಅವರು ಒಪ್ಪಿದರೆ ಮಾತ್ರ ಹೆಸರು ಉಳಿಸಿ. ಇದನ್ನು ಸೆಮಿನರಿಗೆ ಹೋಗುವ ಮೊದಲೇ ಮಾಡಿ. ಕಷ್ಟ ಬಂದ ಮೇಲೆ ಹುಡುಕುವುದು ಬಹಳ ಕಷ್ಟ.

ನಾನು ಪಗಾರ ಎಷ್ಟು ಅಂತ ತಿಳಿದುಕೊಂಡು ವಾಪಸ್ ಹೋಗಿ ಅವ್ವನಿಗೆ ಹೇಳಿದೆ. ಬಹಳ ಕಡಿಮೆ ಇತ್ತು, ಹೇಳುವಾಗ ನನ್ನ ದನಿಯೂ ಸಣ್ಣದಾಗಿತ್ತು. ಅವ್ವ ಬೆರಳು ಮಡಚಿ ಅಕ್ಕಿ, ಎಣ್ಣೆ, ಬಸ್ ಚಾರ್ಜು ಅಂತ ಲೆಕ್ಕ ಹಾಕಿದಳು. ಎರಡು ಸಲ ಹಾಕಿದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, ‘ಜ್ವಾಳಾ ನಾ ಕಳಸ್ತೀನಿ ತಗೊ’ ಅಂದಳು. ಸುಗ್ಗಿ ಆದ ಮೇಲೆ ಪ್ರತಿ ವರ್ಷ ನಾನು ಯಾವ ಊರಲ್ಲಿದ್ದರೂ ಆ ಊರಿಗೆ ಬರುವ ಬಸ್ಸಿನ ಮೇಲೆ ಒಂದು ಚೀಲ ಬರುತ್ತದೆ. ಬಾಯಿ ಹೊಲಿದು, ನೀಲಿ ಮಸಿಯಲ್ಲಿ ನನ್ನ ಹೆಸರು ಬರೆದಿರುತ್ತಾಳೆ. ಈ ವರ್ಷದ್ದು ಮೊನ್ನೆ ಬಂತು.